ಪೆಟ್ಟಿಗೆಯೊಳಗೆ ಮಾತ್ರ ಕೆಡುತ್ತಿದ್ದ ಪರಿವರ್ತಕ: ಒಂದು ಪ್ರಕರಣ ಅಧ್ಯಯನ

ಹಳೆಯ ಕಂಪ್ಯೂಟರಿನ ಚಿತ್ರವನ್ನು ಇಂದಿನ ಮಾನಿಟರಿನ ಮೇಲೆ ಮೂಡಿಸಲು ತಂದ ಪರಿವರ್ತಕ ಬೋರ್ಡೊಂದು ಒಂದರ ಬೆನ್ನಿಗೆ ಒಂದರಂತೆ ಮೂರು ತೊಂದರೆಗಳನ್ನು ತೋರಿಸಿತು. ಮೊದಲೆರಡು ಮೇಜಿನ ಮೇಲೆ ಬೋರ್ಡು ಬರಿದಾಗಿದ್ದಾಗಲೇ ಕಾಣಿಸಿಕೊಂಡವು. ಮೂರನೆಯದು ಅದನ್ನು ಪೆಟ್ಟಿಗೆಯೊಳಗೆ ಕೂರಿಸಿ, ಕೆಲಸ ಮುಗಿಯಿತೆಂದು ಸ್ಕ್ರೂ ಬಿಗಿದ ಮೇಲೆ ಬಂದಿತು. ಈ ಮೂರಕ್ಕೂ ಒಂದೇ ಕಾರಣವಿರಬೇಕೆಂದು ಆರಂಭದಲ್ಲಿ ನಾನು ಭಾವಿಸಿದ್ದೆ. ಅದು ಹಾಗಿರಲಿಲ್ಲ. ಒಂದು ದೋಷವನ್ನು ಸರಿಪಡಿಸಿದ್ದು ಮತ್ತೊಂದರ ಬಗ್ಗೆ ನನ್ನನ್ನು ತಪ್ಪು ದಾರಿಗೆ ಎಳೆಯಿತು. ಅಂತಹ ಬೋರ್ಡನ್ನು ಮುಂದೆ ಇಟ್ಟುಕೊಂಡು ಕುಳಿತವರಿಗೆ ಉಪಯೋಗವಾಗಲೆಂದು ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಿದ್ದೇನೆ.

ಮೂಲ ಯಂತ್ರ ಕಮೊಡೋರ್ ಕಂಪನಿಯ ಅಮಿಗಾ 500 ಎಂಬ ಮನೆಬಳಕೆಯ ಕಂಪ್ಯೂಟರ್. ಅದು ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ಐಬಿಎಂ ಪಿಎಸ್/2 ಯಂತ್ರಗಳ ಜೊತೆ ವಿಜಿಎ ಎಂಬ ಮಾನಿಟರ್ ಪದ್ಧತಿ ಬಂದದ್ದೂ ಅದೇ ವರ್ಷ. ಆದರೂ ಇವೆರಡರ ಚಿತ್ರಗಳು ಒಂದಕ್ಕೊಂದು ಹೊಂದುವುದಿಲ್ಲ. ಅಮಿಗಾ ಟಿವಿಯ ಲೆಕ್ಕವನ್ನು ಅನುಸರಿಸುತ್ತದೆ: ಪಾಲ್ ಪದ್ಧತಿಯಲ್ಲಿ ಸೆಕೆಂಡಿಗೆ 15,625 ಸಾಲುಗಳು, ಅಂದರೆ ಪ್ರತಿ ಸಾಲಿಗೆ 64 ಮೈಕ್ರೋಸೆಕೆಂಡ್, ಅದರಲ್ಲಿ ಚಿತ್ರಕ್ಕೆ ಸಿಗುವುದು ಸುಮಾರು 52. ವಿಜಿಎ ಮಾನಿಟರಿಗೆ ಬೇಕಾದದ್ದು ಇದರ ಸುಮಾರು ಎರಡರಷ್ಟು, 31.5 ಕಿಲೋಹರ್ಟ್ಸ್. ಪರಿವರ್ತಕ ಬೋರ್ಡು ಒಳಬರುವ ಕೆಂಪು, ಹಸಿರು, ನೀಲಿ ಸಂಕೇತಗಳನ್ನು ಅಂಕಿಗಳಾಗಿ ಮಾಡಿ ಮೆಮೊರಿಯಲ್ಲಿ ತುಂಬಿಕೊಂಡು, ತನ್ನದೇ ಗಡಿಯಾರದ ವೇಗದಲ್ಲಿ ಹೊರಗೆ ಓದಿ ಕಳಿಸುತ್ತದೆ. ಒಳಗಿನ ಕಾಲ ಬೇರೆ, ಹೊರಗಿನ ಕಾಲ ಬೇರೆ ಎಂಬ ಈ ಒಂದು ಸಂಗತಿಯೇ ಮುಂದೆ ದೋಷ ಹುಡುಕಲು ನನಗೆ ಎರಡು ಬಾರಿ ನೆರವಾಯಿತು.

ಬಿಳಿ ಪರದೆಗೆ ನಡುಗುವ ಚಿತ್ರ

ಮೊದಲ ಬಾರಿ ಚಾಲೂ ಮಾಡಿದಾಗ ಬಣ್ಣಗಳು ಸರಿಯಾಗಿ ಮೂಡಿದವು. ಆದರೆ ಚಿತ್ರದ ಮೇಲಂಚಿನ ಹತ್ತಿಪ್ಪತ್ತು ಸಾಲುಗಳು ಬಾವುಟದ ತುದಿಯಂತೆ ಬಲಕ್ಕೆ ಬಾಗುತ್ತಿದ್ದವು. ಬಿಳಿ ಹಿನ್ನೆಲೆಯ ಕಿಟಕಿಯೊಂದನ್ನು ದೊಡ್ಡದು ಮಾಡಿದ ಕೂಡಲೇ ಇಡೀ ಚಿತ್ರ ನಡುಗಿ ಒಂದೆರಡು ಬಾರಿ ಉರುಳಿ ನಿಲ್ಲುತ್ತಿತ್ತು. ಕಪ್ಪು ಪರದೆಯಲ್ಲಿ ಏನೂ ಆಗುತ್ತಿರಲಿಲ್ಲ. ಚಿತ್ರದ ಬೆಳಕು ಹೆಚ್ಚಿದಂತೆ ಚಿತ್ರದ ಸ್ಥಿರತೆ ಕುಂದುತ್ತಿದೆ ಎಂದರೆ, ಸಿಂಕ್ (ಪ್ರತಿ ಸಾಲು, ಪ್ರತಿ ಚೌಕಟ್ಟು ಎಲ್ಲಿ ಆರಂಭವಾಗುತ್ತದೆಂದು ತಿಳಿಸುವ ಸಂಕೇತ) ಎಲ್ಲಿಂದ ಬರುತ್ತಿದೆಯೋ ಅಲ್ಲಿ ಚಿತ್ರವೂ ಬೆರೆತು ಬರುತ್ತಿದೆ ಎಂದೇ ಅರ್ಥ. ನಾನು ಹೆಣೆದಿದ್ದ ಕೇಬಲ್, ಚಿತ್ರ ಮತ್ತು ಸಿಂಕ್ ಒಂದೇ ತಂತಿಯಲ್ಲಿ ಬೆರೆತು ಬರುವ ಅಮಿಗಾದ ಕಾಂಪೋಸಿಟ್ ಸಾಕೆಟ್ಟಿನಿಂದ ಸಿಂಕ್ ಎತ್ತಿಕೊಳ್ಳುತ್ತಿತ್ತು. ಕಾಂಪೋಸಿಟ್ ಸಂಕೇತದಲ್ಲಿ ಕಪ್ಪಿನ ಮಟ್ಟಕ್ಕಿಂತ ಕೆಳಗಿನ 0.3 ವೋಲ್ಟ್ ಸಿಂಕಿಗೆ, ಮೇಲಿನ 0.7 ವೋಲ್ಟ್ ಚಿತ್ರಕ್ಕೆ ಮೀಸಲು. ದಾರಿಯಲ್ಲಿ ಒಂದು ಕೆಪಾಸಿಟರ್ ಅಡ್ಡ ಬಂದರೆ ಸಂಕೇತದ ಸರಾಸರಿ ಮಟ್ಟ ಮಾತ್ರ ಸ್ಥಿರವಾಗಿ ಉಳಿದು, ಚಿತ್ರ ಬಿಳಿಯಾದಷ್ಟೂ ಸಿಂಕಿನ ತುದಿ ಕೆಳಕ್ಕೆ ಜಾರುತ್ತದೆ. ಒಂದೇ ಎತ್ತರದಲ್ಲಿ ಗೆರೆ ಎಳೆದು ಅದರ ಕೆಳಗಿನದೆಲ್ಲ ಸಿಂಕ್ ಎಂದು ತೀರ್ಮಾನಿಸುವ ಸರಳ ಮಂಡಲ ಆಗ ಚಿತ್ರದ ಕಪ್ಪು ಭಾಗಗಳನ್ನೂ ಸಿಂಕ್ ಎಂದು ಎಣಿಸತೊಡಗುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಎಲ್ಎಂ1881 ಎಂಬ ಎಂಟು ಕಾಲಿನ ಚಿಪ್ ಸಿಂಕಿನ ತುದಿಯನ್ನು ಒಂದು ಮಟ್ಟಕ್ಕೆ ಕಟ್ಟಿಹಾಕಿ, ಅದನ್ನು ಚಿತ್ರದಿಂದ ಬೇರ್ಪಡಿಸಿ ಕೊಡುತ್ತದೆ. ಆದರೆ ಅಮಿಗಾದ 23 ಕಾಲಿನ ವಿಡಿಯೊ ಕನೆಕ್ಟರಿನಲ್ಲಿ 10ನೆಯ ಕಾಲು ಚಿತ್ರ ಬೆರೆಯದ ಶುದ್ಧ ಸಂಯುಕ್ತ ಸಿಂಕನ್ನೇ ಕೊಡುವಾಗ, ಬೆರೆಸಿದ್ದನ್ನು ತಂದು ಮತ್ತೆ ಬೇರ್ಪಡಿಸುವ ಅಗತ್ಯ ನನಗೆ ಕಾಣಲಿಲ್ಲ. ಅಲ್ಲಿ ಬರುವುದು ಟಿಟಿಎಲ್ ಮಟ್ಟದ, ಅಂದರೆ 5 ವೋಲ್ಟಿನ ಡಿಜಿಟಲ್ ಚಿಪ್ಪುಗಳ ಮಟ್ಟದ ಸಂಕೇತವಾದುದರಿಂದ ಅದನ್ನು ನೇರವಾಗಿ ಬೋರ್ಡಿಗೆ ಕೊಡುವುದು ಸರಿಯಲ್ಲ. ಕರೆಂಟ್ ತೆಗೆದು, ಕೇಬಲ್ ಕಳಚಿ, ಬೋರ್ಡಿನ ಸಿಂಕ್ ಪ್ರವೇಶದಿಂದ ಗ್ರೌಂಡಿಗೆ ಮಲ್ಟಿಮೀಟರ್ ಹಿಡಿದಾಗ 75 ಓಮ್ ತೋರಿಸಿತು. ಹಾಗಿದ್ದ ಮೇಲೆ ಸರಣಿಯಲ್ಲಿ 470 ಓಮ್ ರೆಸಿಸ್ಟರ್ ಹಾಕಿದರೆ, 5 ವೋಲ್ಟಿನ 545ರಲ್ಲಿ 75 ಪಾಲು, ಸುಮಾರು 0.69 ವೋಲ್ಟ್, ಬೋರ್ಡಿಗೆ ಸಿಗುತ್ತದೆ. ಟಿಟಿಎಲ್ ಮೇಲ್ಮಟ್ಟ ನಿಜವಾಗಿ 5 ವೋಲ್ಟನ್ನು ಮುಟ್ಟುವುದಿಲ್ಲವಾದ್ದರಿಂದ ಆಸಿಲೋಸ್ಕೋಪಿನಲ್ಲಿ (ವೋಲ್ಟೇಜಿನ ಏರಿಳಿತವನ್ನು ಗೆರೆಯಾಗಿ ತೋರಿಸುವ ಉಪಕರಣ) ಕಂಡದ್ದು ಇನ್ನೂ ಸ್ವಲ್ಪ ಕಡಿಮೆಯಿತ್ತು. ಅದರಿಂದ ಯಾವ ತೊಡಕೂ ಇಲ್ಲ. ಇಲ್ಲಿ ಗಮನಿಸಬೇಕಾದ ಮಾತೆಂದರೆ, ಪ್ರವೇಶದಲ್ಲಿ ಆ 75 ಓಮ್ ಇಲ್ಲದ ಬೋರ್ಡಿನಲ್ಲಿ ಇದೇ 470 ಓಮ್ ಏನನ್ನೂ ತಗ್ಗಿಸುವುದಿಲ್ಲ. ಬೇರೊಬ್ಬರು ಹಾಕಿದ ಬೆಲೆಯ ರೆಸಿಸ್ಟರನ್ನು ತಂದು ಬೆಸೆಯುವ ಮೊದಲು ಆ ಒಂದು ಅಳತೆಯನ್ನು ಮಾಡಿಕೊಳ್ಳಲೇಬೇಕು.

ರೆಸಿಸ್ಟರನ್ನು ಕೇಬಲಿನ ಅಮಿಗಾ ತುದಿಯ ಹುಡ್ಡಿನೊಳಗೆ ಬೆಸೆದು ಮುಚ್ಚಿದೆ. ಮೇಲಂಚಿನ ಬಾಗು ಹೋಯಿತು, ಬಿಳಿ ಪರದೆಯ ನಡುಕವೂ ನಿಂತಿತು.

ಮೂರು ಓರೆ ಪಟ್ಟಿಗಳು

ಚಿತ್ರ ನೆಟ್ಟಗೆ ನಿಂತ ಮೇಲೆ, ಅದುವರೆಗೆ ನಡುಕದಲ್ಲಿ ಮರೆಯಾಗಿದ್ದ ಇನ್ನೊಂದು ದೋಷ ಕಣ್ಣಿಗೆ ಬಿದ್ದಿತು. ಬೂದು ಹಿನ್ನೆಲೆಯ ಮೇಲೆ ತುಸು ಹೊಳಪಾದ ಅಗಲ ಪಟ್ಟಿಗಳು ಓರೆಯಾಗಿ ಮೂಡಿ, ನಿಧಾನವಾಗಿ ಒಂದು ಪಕ್ಕಕ್ಕೆ ಸರಿಯುತ್ತಿದ್ದವು. ಇಂತಹ ಪಟ್ಟಿ ಕಂಡಾಗ ಮೊದಲು ಮಾಡಬೇಕಾದ ಕೆಲಸ ಎಣಿಸುವುದು. ಪರದೆಯ ಮೇಲೆ ಅಡ್ಡಲಾಗಿ ಒಂದು ಸ್ಕೇಲ್ ಇಟ್ಟು ನೋಡಿದೆ: ಎಡದಿಂದ ಬಲಕ್ಕೆ ಮೂರು ಪಟ್ಟಿಗಳು, ನಾಲ್ಕನೆಯದರ ಅಂಚು.

ಈ ಎಣಿಕೆಯನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಪಟ್ಟಿಯನ್ನು ಉಂಟುಮಾಡುವ ಗದ್ದಲ ಒಳಬರುವ ಬದಿಯಲ್ಲಿ ಸೇರಿದ್ದರೆ, ಅದು 52 ಮೈಕ್ರೋಸೆಕೆಂಡಿನ ಚಿತ್ರದ ಸಾಲಿನಲ್ಲಿ ಮೂರಕ್ಕಿಂತ ಸ್ವಲ್ಪ ಹೆಚ್ಚು ಬಾರಿ ಏರಿಳಿದಿದೆ. ಅಂದರೆ ಅದರ ಆವರ್ತನ ಸುಮಾರು 60 ಕಿಲೋಹರ್ಟ್ಸ್. ಅದೇ ಹೊರಹೋಗುವ ಬದಿಯಲ್ಲಿ ಸೇರಿದ್ದರೆ, 640×480 ಚಿತ್ರದ ಸಾಲು ಸುಮಾರು 25 ಮೈಕ್ರೋಸೆಕೆಂಡಿನದಾದ್ದರಿಂದ, ಅದೇ ಮೂರು ಪಟ್ಟಿಗಳಿಗೆ ಸುಮಾರು ಎರಡರಷ್ಟು ಆವರ್ತನ ಬೇಕು. ಬೋರ್ಡಿಗೆ ಕರೆಂಟ್ ಕೊಡುತ್ತಿದ್ದ ಅಡಾಪ್ಟರಿನ ಹೊರಗಾಲುಗಳಿಗೆ ಆಸಿಲೋಸ್ಕೋಪ್ ಹಿಡಿದಾಗ 62 ಕಿಲೋಹರ್ಟ್ಸ್ ಆಸುಪಾಸಿನ ಅಲೆ ಕಂಡಿತು. 15,625ನ್ನು ನಾಲ್ಕರಿಂದ ಗುಣಿಸಿದರೆ 62,500. ಅಡಾಪ್ಟರಿನ ಅಲೆ ಸಾಲಿನ ಆವರ್ತನದ ನಾಲ್ಕರಷ್ಟಕ್ಕೆ ಅಷ್ಟು ಹತ್ತಿರವಿದ್ದುದರಿಂದಲೇ ಪಟ್ಟಿಗಳು ಚದುರದೆ, ಸಾಲಿನಿಂದ ಸಾಲಿಗೆ ಒಂದಿಷ್ಟೇ ಸರಿದು ಓರೆಯಾಗಿ ನಿಂತಿದ್ದವು. ಗದ್ದಲ ಅಡಾಪ್ಟರಿನದು, ಅದು ಒಳಹೊಗುತ್ತಿರುವುದು ಸಂಕೇತ ಅಂಕಿಯಾಗುವ ಹಂತದಲ್ಲಿ ಎಂಬೆರಡೂ ಒಂದೇ ಎಣಿಕೆಯಿಂದ ತಿಳಿದವು.

ಅಡಾಪ್ಟರ್ ಕೆಟ್ಟದ್ದೆಂದು ಬದಲಿಸಿಬಿಡುವುದು ಸುಲಭವಿತ್ತು. ಆದರೆ ಸ್ವಿಚಿಂಗ್ ಅಡಾಪ್ಟರಿನಲ್ಲಿ ಒಂದಿಷ್ಟು ಅಲೆ ಇದ್ದೇ ಇರುತ್ತದೆ, ಅದನ್ನು ತಡೆಯುವುದು ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ನಿಲ್ಲಿಸುವ, ಬೋರ್ಡಿನ ಮೇಲಿನ ರೆಗ್ಯುಲೇಟರುಗಳ ಕೆಲಸ. ಅವು ಏಕೆ ತಡೆಯುತ್ತಿಲ್ಲ ಎಂಬುದು ನಿಜವಾದ ಪ್ರಶ್ನೆ. ಏನನ್ನೂ ಜೋಡಿಸದೆ ಅಳೆದರೆ ಅಡಾಪ್ಟರ್ 5.1 ವೋಲ್ಟ್ ಕೊಡುತ್ತಿತ್ತು. ಬೋರ್ಡು ಓಡುತ್ತಿರುವಾಗ, ಬೋರ್ಡಿನ ಮೇಲೆಯೇ, ಕರೆಂಟ್ ಒಳಬರುವ ಕೆಪಾಸಿಟರಿನ ಎರಡು ಕಾಲುಗಳ ನಡುವೆ ಅಳೆದಾಗ ಸಿಕ್ಕಿದ್ದು 4.45. ನಡುವೆ ಇದ್ದದ್ದು ನಾನೇ ಸೇರಿಸಿದ್ದ ಒಂದೂವರೆ ಮೀಟರ್ ತೆಳು ತಂತಿ. 28 ಗೇಜಿನ ತಾಮ್ರದ ತಂತಿಗೆ ಮೀಟರಿಗೆ ಸುಮಾರು 0.21 ಓಮ್, ಹೋಗಿ ಬರುವ ದಾರಿ ಸೇರಿ ಮೂರು ಮೀಟರಿಗೆ 0.64 ಓಮ್, ಬೋರ್ಡು ಎಳೆಯುತ್ತಿದ್ದದ್ದು 0.7 ಆಂಪಿಯರ್. ತಂತಿಯೊಂದರಲ್ಲೇ 0.45 ವೋಲ್ಟ್ ಕಳೆದುಹೋಗುತ್ತಿತ್ತು, ಉಳಿದದ್ದನ್ನು ಸಡಿಲವಾಗಿದ್ದ ಪ್ಲಗ್ಗು ನುಂಗುತ್ತಿತ್ತು.

ನನ್ನ ಬೋರ್ಡಿನಲ್ಲಿದ್ದವು 1117 ಕುಟುಂಬದ ರೆಗ್ಯುಲೇಟರುಗಳು, ಒಂದು 3.3 ವೋಲ್ಟಿಗೆ, ಇನ್ನೊಂದು 1.8 ವೋಲ್ಟಿಗೆ. ಈ ಕುಟುಂಬದ ರೆಗ್ಯುಲೇಟರ್ ನೆಟ್ಟಗೆ ಕೆಲಸ ಮಾಡಬೇಕಾದರೆ ಒಳಬರುವ ವೋಲ್ಟೇಜು ಹೊರಹೋಗುವುದಕ್ಕಿಂತ 1.1ರಿಂದ 1.2 ವೋಲ್ಟಿನಷ್ಟು ಮೇಲಿರಬೇಕು. 3.3ಕ್ಕೆ 1.1 ಕೂಡಿದರೆ 4.4. ಬರುತ್ತಿದ್ದದ್ದು 4.45. ಅಲೆಯ ತಗ್ಗುಗಳಲ್ಲಿ ವೋಲ್ಟೇಜು ಆ ಗಡಿಯ ಕೆಳಗಿಳಿಯುತ್ತಿತ್ತು, ಇಳಿದಾಗಲೆಲ್ಲ ರೆಗ್ಯುಲೇಟರ್ ತಡೆಗೋಡೆಯಾಗಿ ಉಳಿಯದೆ ಅಲೆಯನ್ನು ಹಾಗೆಯೇ ಮುಂದಕ್ಕೆ ಬಿಡುತ್ತಿತ್ತು. ತಂತಿಯನ್ನು ದಪ್ಪದ್ದಕ್ಕೆ ಬದಲಿಸಿ, ಅರ್ಧ ಮೀಟರಿಗೆ ಇಳಿಸಿ, ಪ್ಲಗ್ಗನ್ನೂ ಹೊಸದು ಮಾಡಿದ ಮೇಲೆ ಬೋರ್ಡಿನ ಮೇಲೆ 5.0 ವೋಲ್ಟ್ ನಿಂತಿತು. ಅಡಾಪ್ಟರ್ ಅದೇ ಉಳಿಯಿತು. ಪಟ್ಟಿಗಳು ಅಳಿಸಿಹೋದವು.

ಪೆಟ್ಟಿಗೆ, ಮತ್ತು ತಪ್ಪು ಅನುಮಾನ

ಮೂರು ದಿನ ಮೇಜಿನ ಮೇಲೆ ಓಡಿಸಿ, ಯಾವ ದೋಷವೂ ಇಲ್ಲವೆಂದು ಖಾತ್ರಿಯಾದ ಮೇಲೆ ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಕೂರಿಸಿದೆ. ನಾಲ್ಕು ಮೂಲೆಗೆ, ಬೋರ್ಡನ್ನು ತಳದಿಂದ ಎತ್ತಿ ಹಿಡಿಯುವ ನಾಲ್ಕು ಲೋಹದ ಸ್ಪೇಸರ್, ಹಿಂಬದಿಯ ಫಲಕದಲ್ಲಿ ವಿಜಿಎ ಕನೆಕ್ಟರಿಗೆ ಕಿಂಡಿ, ಮುಂದೆ ಗುಂಡಿಗಳಿಗೆ ರಂಧ್ರಗಳು. ಚಾಲೂ ಮಾಡಿ ಸುಮಾರು ಇಪ್ಪತ್ತೈದು ನಿಮಿಷಕ್ಕೆ ಚಿತ್ರ ಮಾಯವಾಯಿತು. ಮುಚ್ಚಳ ತೆಗೆದು ಹತ್ತು ನಿಮಿಷ ಬಿಟ್ಟರೆ ಮತ್ತೆ ಬಂತು.

ಮುಚ್ಚಿದರೆ ಹೋಗುತ್ತದೆ, ತೆರೆದರೆ ಬರುತ್ತದೆ; ಯಾರಾದರೂ ಬಿಸಿಯನ್ನೇ ಅನುಮಾನಿಸುತ್ತಾರೆ, ನಾನೂ ಅನುಮಾನಿಸಿದೆ. ಅನುಮಾನಕ್ಕೆ ಲೆಕ್ಕದ ಬೆಂಬಲವೂ ಇತ್ತು. ಇಂತಹ ರೆಗ್ಯುಲೇಟರ್ ಒಳಬರುವ ಮತ್ತು ಹೊರಹೋಗುವ ವೋಲ್ಟೇಜುಗಳ ವ್ಯತ್ಯಾಸವನ್ನು ಪೂರ್ತಿಯಾಗಿ ಬಿಸಿಯಾಗಿ ಬಿಡುತ್ತದೆ. 1.8 ವೋಲ್ಟಿನ ಸಾಲಿನಲ್ಲಿದ್ದ (ಇಲ್ಲಿ ಸಾಲು ಎಂದರೆ ಆ ವೋಲ್ಟೇಜನ್ನು ಹಂಚುವ ದಾರಿ) ಫೆರೈಟ್ ಮಣಿ ಎಂಬ ಸಣ್ಣ ಗದ್ದಲ ಶೋಧಕದ ಒಂದು ತುದಿಯನ್ನು ಎತ್ತಿ ಮೀಟರ್ ಸೇರಿಸಿ ನೋಡಿದಾಗ ಅಲ್ಲಿ 0.3 ಆಂಪಿಯರ್, ಉಳಿದ 0.4 ಆಂಪಿಯರ್ 3.3ರ ಸಾಲಿನಲ್ಲಿ. ತೆಳು ತಂತಿ ಇದ್ದಾಗ ಎರಡೂ ಸೇರಿ ಸುಮಾರು 1.26 ವ್ಯಾಟ್ ಬಿಸಿ. ತಂತಿ ಬದಲಿಸಿದ ಮೇಲೆ 1.64 ವ್ಯಾಟ್. ಮೊದಲು ತಂತಿಯಲ್ಲಿ, ಪೆಟ್ಟಿಗೆಯ ಹೊರಗೆ ಕಳೆದುಹೋಗುತ್ತಿದ್ದ ಬಿಸಿ ಈಗ ಪೆಟ್ಟಿಗೆಯೊಳಗೆ ಬಂದು ಕುಳಿತಿತ್ತು. ಅಂದರೆ ನನ್ನ ಎರಡನೆಯ ದುರಸ್ತಿಯೇ ಮೂರನೆಯ ದೋಷಕ್ಕೆ ದಾರಿ ಮಾಡಿಕೊಟ್ಟಿದೆ ಎಂದು ತೋರಿತು, ಆ ವಾದ ಅಷ್ಟು ಅಚ್ಚುಕಟ್ಟಾಗಿ ಕೂಡಿಬಂದಿದ್ದರಿಂದ ಅದನ್ನು ಪರೀಕ್ಷಿಸುವ ಮೊದಲೇ ನಂಬಿಬಿಟ್ಟೆ.

ಎರಡೂ ರೆಗ್ಯುಲೇಟರುಗಳು ಅಕ್ಕಪಕ್ಕದಲ್ಲಿದ್ದುದರಿಂದ ಒಂದೇ ಅಲ್ಯೂಮಿನಿಯಂ ಪಟ್ಟಿಯನ್ನು ಎರಡರ ಮೇಲೂ ಅಡ್ಡಲಾಗಿ ಅಂಟಿಸುವ ಯೋಚನೆ ಮಾಡಿದೆ. ಇಲ್ಲಿ ಒಂದು ಅಪಾಯವಿದೆ, ಅದನ್ನು ಒತ್ತಿ ಹೇಳಬೇಕು. ಟ್ರಾನ್ಸಿಸ್ಟರು, ರೆಗ್ಯುಲೇಟರುಗಳ ಅಗಲವಾದ ಲೋಹದ ಕಿವಿ ಗ್ರೌಂಡಿಗೆ ಸೇರಿರುತ್ತದೆಂದು ಎಷ್ಟೋ ಮಂದಿ ಭಾವಿಸುತ್ತಾರೆ. ಎಸ್ಒಟಿ-223 ಕವಚದ 1117ರಲ್ಲಿ ಆ ಕಿವಿ ಹೊರಹೋಗುವ ವೋಲ್ಟೇಜಿಗೆ ಸೇರಿದೆ. ಎರಡು ಕಿವಿಗಳನ್ನು ಒಂದೇ ಲೋಹದ ಪಟ್ಟಿ ಮುಟ್ಟಿದರೆ 3.3 ವೋಲ್ಟ್ ನೇರವಾಗಿ 1.8ರ ಸಾಲಿಗೆ ನುಗ್ಗುತ್ತದೆ, ಆ ಸಾಲಿನಿಂದ ಬದುಕುವ ಮುಖ್ಯ ಚಿಪ್ಪು ಉಳಿಯುವ ಭರವಸೆ ಇಲ್ಲ. ಪಟ್ಟಿಯನ್ನು ಇಟ್ಟು, ಕರೆಂಟ್ ಕೊಡುವ ಮೊದಲು ಎರಡು ಸಾಲುಗಳ ನಡುವೆ ಮೀಟರ್ ಹಿಡಿದಾಗ ಅದು ಬೀಪ್ ಎಂದಿತು. ಆ ಸದ್ದು ಕೇಳಿ ಕೈ ತಣ್ಣಗಾದದ್ದು ಇನ್ನೂ ನೆನಪಿದೆ. ಪಟ್ಟಿಯನ್ನು ತುಂಡರಿಸಿ, ಒಂದೊಂದಕ್ಕೆ ಒಂದೊಂದು ಬಿಡಿ ತುಂಡನ್ನು ಅಂಟಿಸಿದೆ.

ಅಷ್ಟಾದರೂ ಚಿತ್ರ ಹೋಗುವುದು ನಿಲ್ಲಲಿಲ್ಲ. ಇಪ್ಪತ್ತೈದು ನಿಮಿಷದ ಬದಲು ಮೂವತ್ತೈದಕ್ಕೆ ಹೋಯಿತು. ಆಗ ಮೊದಲೇ ಮಾಡಬೇಕಿದ್ದ ಪರೀಕ್ಷೆಯನ್ನು ಮಾಡಿದೆ. ಎರಡೂ ಸಾಲುಗಳಿಗೆ ತಂತಿ ಬೆಸೆದು ಪೆಟ್ಟಿಗೆಯ ಹೊರಗೆ ತಂದು, ಮೀಟರುಗಳನ್ನು ಸೇರಿಸಿ, ಮುಚ್ಚಳ ಹಾಕಿ ಕಾದೆ. ಚಿತ್ರ ಮಾಯವಾದ ಕ್ಷಣದಲ್ಲಿ ಒಂದು ಮೀಟರ್ 3.30, ಇನ್ನೊಂದು 1.80 ತೋರಿಸುತ್ತಿತ್ತು. ರೆಗ್ಯುಲೇಟರುಗಳ ಮೇಲಿನ ಆರೋಪ ಅಲ್ಲಿಗೆ ಬಿದ್ದುಹೋಯಿತು.

ಚಿತ್ರ ಹೇಗೆ ಹೋಗುತ್ತಿದೆ ಎಂಬುದನ್ನೂ ಆಗ ಸರಿಯಾಗಿ ನೋಡಿದೆ. ಮಾನಿಟರ್ ಕಪ್ಪಾಗುವುದಷ್ಟೇ ಅಲ್ಲ, ಸಂಕೇತವೇ ಇಲ್ಲವೆಂಬ ಸೂಚನೆಯನ್ನು ತೋರಿಸುತ್ತಿತ್ತು. ಅಮಿಗಾದ ಕೇಬಲನ್ನು ಕಿತ್ತರೆ ಹಾಗಾಗುವುದಿಲ್ಲ. ಒಳಬರುವ ಚಿತ್ರ ಇಲ್ಲದಿದ್ದರೂ ಬೋರ್ಡು ತನ್ನದೇ ಗಡಿಯಾರದ ಮೇಲೆ ಖಾಲಿ ಚೌಕಟ್ಟನ್ನು ಕಳಿಸುತ್ತಲೇ ಇರುತ್ತದೆ, ಮಾನಿಟರ್ ಎಚ್ಚರವಾಗಿರುತ್ತದೆ. ಹೊರಗಿನ ಸಿಂಕೇ ನಿಂತಿದೆ ಎಂದರೆ ಆ ಗಡಿಯಾರ ನಿಂತಿರಬೇಕು. ಆ ಗಡಿಯಾರದ ಬಡಿತವನ್ನು ಕೊಡುವ 27 ಮೆಗಾಹರ್ಟ್ಸ್ ಕ್ರಿಸ್ಟಲ್ ವಿಜಿಎ ಕನೆಕ್ಟರಿನಿಂದ ಎರಡು ಸೆಂಟಿಮೀಟರ್ ದೂರದಲ್ಲಿತ್ತು. ಚಿತ್ರ ಹೋಗಿರುವಾಗ ಮುಚ್ಚಳ ಸರಿಸಿ ಅದರ ಕಾಲಿಗೆ ಪ್ರೋಬ್ ಮುಟ್ಟಿಸಿದೆ. ಮುಟ್ಟಿದ ಒತ್ತಡಕ್ಕೇ ಚಿತ್ರ ಮರಳಿತು.

ಭೂತಗನ್ನಡಿಯಲ್ಲಿ ನೋಡಿದಾಗ ಕ್ರಿಸ್ಟಲಿನ ಒಂದು ಕಾಲಿನ ಸುತ್ತ, ಬೆಸುಗೆಯ ಮೇಲೆ, ಕೂದಲಿನಷ್ಟು ಸಣ್ಣ ಉಂಗುರದ ಬಿರುಕು ಕಾಣಿಸಿತು. ಬಿರುಕಿಗೆ ಕಾರಣ ಬಿಸಿಯಲ್ಲ, ನಾನು ಬೋರ್ಡನ್ನು ಕೂರಿಸಿದ ರೀತಿ. ಬೋರ್ಡು ನಾಲ್ಕು ಸ್ಪೇಸರುಗಳ ಮೇಲೆ ಬಿಗಿಯಾಗಿತ್ತು. ಅದರ ಜೊತೆಗೆ ವಿಜಿಎ ಕನೆಕ್ಟರನ್ನು ಅದರ ಎರಡು ಆರುಮೂಲೆ ಸ್ಕ್ರೂಗಳಿಂದ ಹಿಂಬದಿಯ ಫಲಕಕ್ಕೂ ಬಿಗಿದಿದ್ದೆ. ಫಲಕದ ಕಿಂಡಿ ಒಂದು ಮಿಲಿಮೀಟರಿಗಿಂತ ತುಸು ಕಡಿಮೆಯಷ್ಟು ಮೇಲಿತ್ತು. ಸ್ಕ್ರೂ ಬಿಗಿದಂತೆ ಕನೆಕ್ಟರ್ ಮೇಲಕ್ಕೆ ಎಳೆಯಿತು, ಸ್ಪೇಸರುಗಳು ಕೆಳಕ್ಕೆ ಹಿಡಿದವು, ನಡುವೆ ಬೋರ್ಡು ಬಾಗಿತು, ಬಾಗಿನ ನಡುಮಧ್ಯದಲ್ಲಿ ಕ್ರಿಸ್ಟಲ್ ಇತ್ತು. ಬಿಸಿ ಮಾಡಿದ್ದು ಕೊನೆಯ ತಳ್ಳು ಮಾತ್ರ: ಅಲ್ಯೂಮಿನಿಯಂ ಬೋರ್ಡಿಗಿಂತ ಹೆಚ್ಚು ಹಿಗ್ಗುವುದರಿಂದ, ಪೆಟ್ಟಿಗೆ 25 ಡಿಗ್ರಿ ಬಿಸಿಯೇರಿದಾಗ ಹದಿನೈದು ಸೆಂಟಿಮೀಟರ್ ಉದ್ದಕ್ಕೆ ಉಂಟಾಗುವ ವ್ಯತ್ಯಾಸ ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು. ಗಟ್ಟಿ ಬೆಸುಗೆಗೆ ಅದು ಲೆಕ್ಕಕ್ಕೇ ಬಾರದು. ಬಿರುಕಿಟ್ಟ ಬೆಸುಗೆಗೆ ಅಷ್ಟೇ ಸಾಕಾಯಿತು. ಮೇಜಿನ ಮೇಲೆ ಮೂರು ದಿನ ಏನೂ ಆಗದಿದ್ದುದಕ್ಕೆ ಕಾರಣವೂ ಇದೇ. ಅಲ್ಲಿ ಬೋರ್ಡನ್ನು ಯಾರೂ ಬಾಗಿಸಿರಲಿಲ್ಲ.

ಮತ್ತೆ ಕೂರಿಸಿದ್ದು

ಕ್ರಿಸ್ಟಲಿನ ಎರಡೂ ಕಾಲುಗಳ ಹಳೆಯ ಬೆಸುಗೆಯನ್ನು ಪೂರ್ತಿ ಹೀರಿ ತೆಗೆದು ಹೊಸದಾಗಿ ಬೆಸೆದೆ. ಬಿರುಕಿನ ಮೇಲೆ ಇನ್ನೊಂದು ಹನಿ ಬೆಸುಗೆ ಹಾಕುವುದು ತಾತ್ಕಾಲಿಕವಾಗಿ ಸರಿಹೋದಂತೆ ಕಂಡರೂ ಒಳಗಿನ ಹಳೆಯ ಪದರ ಹಾಗೆಯೇ ಉಳಿಯುತ್ತದೆ. ಕನೆಕ್ಟರಿನ ಎಲ್ಲ ಹದಿನೈದು ಕಾಲುಗಳನ್ನೂ ಅದೇ ಭೂತಗನ್ನಡಿಯಡಿ ನೋಡಿ, ಅನುಮಾನ ಬಂದ ಎರಡನ್ನು ಮತ್ತೆ ಕಾಯಿಸಿದೆ.

ಎರಡನೆಯ ಬಾರಿ ಫಲಕದ ಅಳತೆಯನ್ನು ಬೋರ್ಡಿನಿಂದಲೇ ತೆಗೆದುಕೊಂಡೆ. ಬೋರ್ಡನ್ನು ಸ್ಪೇಸರುಗಳ ಮೇಲೆ ಕೂರಿಸಿ, ಕನೆಕ್ಟರಿನ ಮುಖಕ್ಕೆ ಪೆನ್ಸಿಲ್ ಪುಡಿ ಸವರಿ, ಅದಕ್ಕೆ ಕಾಗದ ಒತ್ತಿ ಅಚ್ಚು ತೆಗೆದು, ಆ ಕಾಗದವನ್ನು ಫಲಕಕ್ಕೆ ಅಂಟಿಸಿ ಕೊರೆದೆ. ವಿಜಿಎ ಕನೆಕ್ಟರಿನ ಎರಡು ಸ್ಕ್ರೂಗಳ ನಡುವಿನ ಅಂತರ ಸುಮಾರು 25 ಮಿಲಿಮೀಟರ್ ಎಂಬುದು ಪುಸ್ತಕದ ಅಳತೆ. ತಳದಿಂದ ಎಷ್ಟು ಎತ್ತರ ಎಂಬುದು ಆಯಾ ಬೋರ್ಡು, ಆಯಾ ಸ್ಪೇಸರಿನ ಅಳತೆ. ಮೊದಲ ಸಲ ಪುಸ್ತಕದ ಅಳತೆಯನ್ನು ಸರಿಯಾಗಿ ಹಿಡಿದು, ಎತ್ತರವನ್ನು ಅಂದಾಜಿಗೆ ಬಿಟ್ಟಿದ್ದೆ. ಕೊರೆಯುವಾಗ ಬೋರ್ಡನ್ನು ಹೊರಗಿಟ್ಟು, ಆಮೇಲೆ ಪೆಟ್ಟಿಗೆಯೊಳಗಿನ ಲೋಹದ ಪುಡಿಯನ್ನು ಕುಂಚದಿಂದ ಎರಡು ಬಾರಿ ತೆಗೆದೆ. ಒಂದು ಸಣ್ಣ ಚೂರು ಚಿಪ್ಪಿನ ಎರಡು ಕಾಲುಗಳ ನಡುವೆ ಸಿಕ್ಕಿದರೆ ಇಷ್ಟೆಲ್ಲ ಶ್ರಮ ವ್ಯರ್ಥ.

ಬಿಗಿಯುವ ಕ್ರಮವನ್ನೂ ಬದಲಿಸಿದೆ. ಮೊದಲು ಕನೆಕ್ಟರನ್ನು ಫಲಕಕ್ಕೆ ಬಿಗಿದು, ಬೋರ್ಡು ತಾನಾಗಿ ಎಲ್ಲಿ ನಿಲ್ಲುತ್ತದೋ ನೋಡಿ, ಆ ಎತ್ತರಕ್ಕೆ ಸ್ಪೇಸರುಗಳ ಕೆಳಗೆ ತೆಳು ವಾಷರ್ ಸೇರಿಸಿದೆ. ಕನೆಕ್ಟರಿಗೆ ಹತ್ತಿರದ ಎರಡು ಸ್ಪೇಸರುಗಳಿಗೆ ಸ್ಕ್ರೂ ಇದೆ. ದೂರದ ಎರಡರ ಮೇಲೆ ಬೋರ್ಡು ರಬ್ಬರ್ ತುಂಡಿನ ಮೇಲೆ ಬರಿದೇ ಕುಳಿತಿದೆ. ಹಿಗ್ಗಿದರೆ ಅತ್ತ ಸರಿಯಲು ಜಾಗವಿದೆ. ಬೋರ್ಡಿನ ಕೆಳಗೆ ಕಾಲುಗಳ ತುದಿಗಳು ಎರಡು ಮೂರು ಮಿಲಿಮೀಟರ್ ಚಾಚಿಕೊಂಡಿರುವುದರಿಂದ ಪೆಟ್ಟಿಗೆಯ ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅಂಟಿಸಿದೆ.

ದೋಷಕ್ಕೆ ಬಿಸಿ ಮೂಲವಲ್ಲದಿದ್ದರೂ 1.64 ವ್ಯಾಟ್ ನಿಜವೇ, ಮುಖ್ಯ ಚಿಪ್ಪಿನ ಬಿಸಿ ಅದರ ಮೇಲೆ ಇನ್ನೂ ಇದೆ. ತಳದಲ್ಲಿ ರೆಗ್ಯುಲೇಟರುಗಳ ಬದಿಯಲ್ಲಿ ಒಂದು ಸಾಲು ರಂಧ್ರ, ಎದುರು ಗೋಡೆಯ ಮೇಲ್ತುದಿಯಲ್ಲಿ ಇನ್ನೊಂದು ಸಾಲು ರಂಧ್ರ ಕೊರೆದು, ಗಾಳಿ ಕೆಳಗಿನಿಂದ ಬಂದು ಬಿಸಿಯ ಮೇಲೆ ಹಾಯ್ದು ಹೊರಹೋಗುವಂತೆ ಮಾಡಿದೆ. ಕೆಳಗಿನ ಸಾಲಿಗೆ ಗಾಳಿ ಸಿಗಬೇಕಾದರೆ ಪೆಟ್ಟಿಗೆಗೆ ಎತ್ತರದ ರಬ್ಬರ್ ಕಾಲುಗಳಿರಲೇಬೇಕು. ಇದಕ್ಕೆ ಮೊದಲು ಒಂದು ಗಂಟೆಯ ಕೊನೆಗೆ ಒಳಗಿನ ಗಾಳಿ ಕೋಣೆಗಿಂತ 24 ಡಿಗ್ರಿ ಹೆಚ್ಚು ಬಿಸಿಯಾಗಿರುತ್ತಿತ್ತು, ಈಗ 13.

ಪೆಟ್ಟಿಗೆಯನ್ನು ಗ್ರೌಂಡಿಗೆ ಸೇರಿಸುವುದು ವಿಜಿಎ ಕನೆಕ್ಟರಿನ ಲೋಹದ ಅಂಚಿನ ಮೂಲಕ. ಫಲಕದ ಬಣ್ಣ ಕರೆಂಟನ್ನು ಹಾಯಗೊಡುವುದಿಲ್ಲವಾದ್ದರಿಂದ ಕಿಂಡಿಯ ಒಳಬದಿಯಲ್ಲಿ ಸ್ಕ್ರೂ ಕೂರುವಷ್ಟು ಜಾಗವನ್ನು ಮರಳು ಕಾಗದದಿಂದ ಉಜ್ಜಿ, ಮೀಟರಿನಲ್ಲಿ ಸಂಪರ್ಕ ಖಚಿತಪಡಿಸಿಕೊಂಡೆ. ಗುಂಡಿಗಳಿಗೆ ಪ್ಲಾಸ್ಟಿಕ್ ಕಡ್ಡಿಗಳನ್ನು ಕತ್ತರಿಸಿ ಹಾಕಿದೆ, ಪ್ರತಿಯೊಂದನ್ನೂ ಗುಂಡಿಯವರೆಗಿನ ಅಂತರಕ್ಕಿಂತ ಅರ್ಧ ಮಿಲಿಮೀಟರ್ ಗಿಡ್ಡವಾಗಿಸಿ, ಮುಚ್ಚಳ ಬಿಗಿದಾಗ ಅವು ತಾವಾಗಿ ಒತ್ತಿಕೊಳ್ಳದಂತೆ.

ಮುಚ್ಚಿದ ಮೇಲೆ ಸತತವಾಗಿ ಆರು ಗಂಟೆ, ಬಿಳಿ ಪರದೆಯನ್ನೇ ತೋರಿಸುತ್ತ ಓಡಿಸಿದೆ. ಆ ನಡುವೆ ವಿಜಿಎ ಪ್ಲಗ್ಗನ್ನು ಬೇಕೆಂದೇ ಮೇಲೆ ಕೆಳಗೆ ಎಡಕ್ಕೆ ಬಲಕ್ಕೆ ಅಲುಗಿಸಿದೆ, ಪೆಟ್ಟಿಗೆಯ ಮೇಲೆ ಬೆರಳಿನಿಂದ ತಟ್ಟಿದೆ. ಚಿತ್ರ ಅಲುಗಲಿಲ್ಲ. ಕೊನೆಯಲ್ಲಿ ಬೋರ್ಡಿನ ಮೇಲಿನ ವೋಲ್ಟೇಜುಗಳನ್ನು ಮತ್ತೊಮ್ಮೆ ಅಳೆದು, 5.0, 3.30, 1.80 ಎಂಬ ಮೂರು ಅಂಕಿಗಳನ್ನೂ ಸಿಂಕ್ ತಂತಿಯಲ್ಲಿರುವ 470 ಓಮಿನ ಮಾತನ್ನೂ ಕಾಗದದ ಮೇಲೆ ಬರೆದು ಮುಚ್ಚಳದ ಒಳಬದಿಗೆ ಅಂಟಿಸಿದ್ದೇನೆ.